ಫೆಡರಲ್ ಕಾನೂನು, ರೂಲ್ಸು ನಾವೇ ಆನ್‌ಲೈನಲ್ಲಿ ಹುಡುಕಿ ಓದೋದು ಹೇಗೆ: ಅಮೆರಿಕದಲ್ಲಿರೋ ಕನ್ನಡದವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಮಂಗಳವಾರ ರಾತ್ರಿ ಹತ್ತೂವರೆಗೆ ಗೆಳೆಯನ ಫೋನು. ಅವತ್ತು ಬೆಳಿಗ್ಗೆ ಲೇಆಫ್ ಆಗಿತ್ತು. ಅವನದು ಎಚ್-1ಬಿ ಕೆಲಸದ ವೀಸಾ, ಹೆಂಡತೀದು ಅದರ ಡಿಪೆಂಡೆಂಟ್ ವೀಸಾ ಎಚ್-4, ಮಗು ಎರಡನೇ ಕ್ಲಾಸು. ಬೆಳಿಗ್ಗೆಯಿಂದ ವಾಟ್ಸಾಪಲ್ಲಿ ಬಂದಿದ್ದ ಸಲಹೆಗಳನ್ನೆಲ್ಲ ಒಂದೊಂದಾಗಿ ಓದಿ ಹೇಳ್ದ. ಕೆಲಸ ಹೋದ್ಮೇಲೆ ಇಲ್ಲಿರೋಕೆ 60 ದಿನ ಟೈಮಿದೆ ಅಂತ ಒಬ್ರು ಅಂದಿದ್ರು, ಇನ್ನೊಬ್ರು ಇಲ್ಲ 180 ದಿನ ಅಂದಿದ್ರು, ಮೂರನೆಯವರು ಹತ್ತು ದಿನದೊಳಗೆ ಜಾಗ ಖಾಲಿ ಮಾಡ್ಬೇಕು ಅಂದಿದ್ರು. "ಇದ್ರಲ್ಲಿ ಯಾವ್ದು ನಿಜ ಗುರು?" ಅಂದ.

ಮೂರೂ ಅವನಿಗೆ ಅನ್ವಯಿಸ್ತಿರ್ಲಿಲ್ಲ. ಅದು ಗೊತ್ತಾಗಿದ್ದು ನಾವಿಬ್ರೂ ಫೋನಲ್ಲೇ ಕೂತು ರೂಲನ್ನ ತೆಗೆದು ಓದಿದ ಮೇಲೆ, ಒಂದು ಪ್ಯಾರಾ, ಮೂರೇ ವಾಕ್ಯ, ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಕೆಲಸ ಮಾಡೋದು ಹೇಗೆ ಅಂತ ಪೂರ್ತಿಯಾಗಿ, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೀತಿದೀನಿ. ಇದಕ್ಕೆ ಲಾ ಓದಿರ್ಬೇಕಾಗಿಲ್ಲ, ಒಂದು ಪೈಸೆ ಕೊಡ್ಬೇಕಾಗಿಲ್ಲ, ಅಮೆರಿಕ ಸರ್ಕಾರ ಇದನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟಿಯಾಗೇ ಇಟ್ಟಿದೆ. ಯಾರು ಏನೇ ಹೇಳಿದ್ರೂ ಎರಡು ಪ್ರಶ್ನೆ ಕೇಳ್ಕೊಳ್ಳಿ, ಇದರ ನಂಬರ್ ಏನು, ಮತ್ತೆ ಆ ನಂಬರಿನ ಕೆಳಗಿರೋ ಮಾತು ಯಾವ ತಾರೀಕಿನದು. ಮುಂದೆ ಹೇಳೋದೆಲ್ಲ ಈ ಎರಡಕ್ಕೆ ಉತ್ತರ ಹುಡುಕೋ ದಾರಿ ಅಷ್ಟೇ.

ಮೊದಲು ಯಾವ ಕಾಗದ ಎಲ್ಲಿಂದ ಹುಟ್ಟತ್ತೆ ಅಂತ ತಿಳ್ಕೊಳ್ಳಿ

ನಮ್ಮ ಊರಲ್ಲಿ ಕಾಯ್ದೆ ಬೇರೆ, ಅದರ ಕೆಳಗೆ ಸರ್ಕಾರ ಮಾಡೋ ನಿಯಮ ಬೇರೆ, ರಾಜ್ಯಪತ್ರದಲ್ಲಿ ಬಂದ್ಮೇಲೇ ನಿಯಮಕ್ಕೆ ಜೀವ. ಇಲ್ಲೂ ಹಾಗೇನೇ. ಕಾಂಗ್ರೆಸ್ ಪಾಸ್ ಮಾಡಿ ಅಧ್ಯಕ್ಷರು ಸಹಿ ಹಾಕಿದ್ದು ಕಾಯ್ದೆ, ಅದಕ್ಕೆ ಮೊದಲು ಒಂದು ಪಬ್ಲಿಕ್ ಲಾ ನಂಬರ್ ಸಿಗತ್ತೆ, ಆಮೇಲೆ ಅದನ್ನ ವಿಷಯವಾರು ಬಿಡಿಸಿ ಯುಎಸ್ ಕೋಡ್ ಅನ್ನೋ ಸಂಗ್ರಹದಲ್ಲಿ ಸೇರಿಸ್ತಾರೆ. ಆ ಕಾಯ್ದೆ ಕೊಟ್ಟ ಅಧಿಕಾರದ ಮೇಲೆ ಏಜೆನ್ಸಿಗಳು, ಅಂದ್ರೆ ಹೋಮ್‌ಲ್ಯಾಂಡ್ ಸೆಕ್ಯೂರಿಟಿ, ಲೇಬರ್, ಟ್ರೆಷರಿ ಇಂಥವು, ಬರೆಯೋದು ರೆಗ್ಯುಲೇಷನ್. ಅದು ದಿನಾ ಹೊರಡೋ ಫೆಡರಲ್ ರಿಜಿಸ್ಟರಲ್ಲಿ ಪ್ರಕಟವಾಗತ್ತೆ, ಇದು ಇಲ್ಲಿಯ ಗೆಜೆಟ್ ಅಂದ್ಕೊಳ್ಳಿ, 1936ರ ಮಾರ್ಚ್‌ನಿಂದ ಬರ್ತಾ ಇದೆ. ಅಲ್ಲಿಂದ ಅದು 50 ಟೈಟಲ್ ಇರೋ ಕೋಡ್ ಆಫ್ ಫೆಡರಲ್ ರೆಗ್ಯುಲೇಷನ್ಸ್, ಎಲ್ಲರೂ ಸಿಎಫ್‌ಆರ್ ಅನ್ನೋ ಪುಸ್ತಕಕ್ಕೆ ಸೇರತ್ತೆ.

ಇದರ ಕೆಳಗೆ ಪಾಲಿಸಿ ಮ್ಯಾನ್ಯುಯಲ್, ಮೆಮೊ, ವೆಬ್‌ಸೈಟಿನ ಪ್ರಶ್ನೋತ್ತರ ಇವೆಲ್ಲ ಬರತ್ತೆ. ಏಜೆನ್ಸಿ ತನ್ನ ರೂಲನ್ನ ಹೇಗೆ ಅರ್ಥ ಮಾಡ್ಕೊಂಡಿದೆ ಅಂತ ಅಲ್ಲಿ ತಿಳಿಯತ್ತೆ, ತುಂಬಾ ಉಪಯೋಗ, ಆದ್ರೆ ಅದು ಕಾನೂನಲ್ಲ. ಪಕ್ಕದಲ್ಲಿ ಕೋರ್ಟ್ ತೀರ್ಪುಗಳು. ಡ್ರೈವಿಂಗ್ ಲೈಸೆನ್ಸು, ಬಾಡಿಗೆ ಮನೆ ತಕರಾರು ಇಂಥವು ಹೆಚ್ಚಿನಂಶ ಆಯಾ ರಾಜ್ಯದ ಕಾನೂನಿಗೆ ಬರತ್ತೆ, ಅದನ್ನ ಫೆಡರಲ್ ಪುಸ್ತಕದಲ್ಲಿ ಹುಡುಕಿ ಟೈಮ್ ವೇಸ್ಟ್ ಮಾಡ್ಕೋಬೇಡಿ.

ಹೆಜ್ಜೆ 1: ಪ್ರಶ್ನೆಯನ್ನ ನಂಬರಿಗೆ ಇಳಿಸೋದು

ಇದೇ ಕಷ್ಟದ ಹೆಜ್ಜೆ, ಇದಾದ್ರೆ ಮುಕ್ಕಾಲು ಕೆಲಸ ಆದಂಗೆ. ಸುಲಭ ದಾರಿ ಅಂದ್ರೆ ಗೂಗಲಲ್ಲಿ ನಿಮ್ಮ ವಿಷಯ ಹಾಕಿ ಪಕ್ಕದಲ್ಲಿ ಸಿಎಫ್‌ಆರ್ ಅಂತ ಸೇರಿಸಿ ಹುಡುಕೋದು, ಯಾವುದೋ ಲಾ ಫರ್ಮ್ ಬರೆದ ಲೇಖನ ಸಿಗತ್ತೆ, ಆ ಲೇಖನ ನಂಬ್ಬೇಕಾಗಿಲ್ಲ, ಅದರಲ್ಲಿರೋ ಸೆಕ್ಷನ್ ನಂಬರ್ ಮಾತ್ರ ಎತ್ಕೊಳ್ಳಿ. ಸಂಬಂಧಪಟ್ಟ ಏಜೆನ್ಸಿಯ ಪಾಲಿಸಿ ಮ್ಯಾನ್ಯುಯಲ್ ಇದ್ರೆ ಇನ್ನೂ ಒಳ್ಳೇದು, ಪ್ರತಿ ಪುಟದ ಅಡಿಟಿಪ್ಪಣಿಯಲ್ಲಿ ಕಾಯ್ದೆ ಯಾವ್ದು ರೂಲ್ ಯಾವ್ದು ಅಂತ ನಂಬರ್ ಸಮೇತ ಕೊಟ್ಟಿರ್ತಾರೆ. ಈಗ ಎಲ್ರೂ ಎಐ ಚಾಟನ್ನೂ ಕೇಳ್ತಾರೆ, ಕೇಳಿ, ತಪ್ಪಿಲ್ಲ, ಆದ್ರೆ ಅದು ಕೊಟ್ಟ ನಂಬರನ್ನ ನೀವೇ ಹೋಗಿ ತೆಗೆದು ನೋಡೋವರೆಗೂ ಅದು ಉತ್ತರ ಅಲ್ಲ. ಇಲ್ಲದೇ ಇರೋ ಸೆಕ್ಷನ್ನನ್ನ ಇದೆ ಅಂತ, ತೆಗೆದುಹಾಕಿದ ರೂಲನ್ನ ಈಗಲೂ ಜಾರಿಯಲ್ಲಿದೆ ಅಂತ ಅದು ಧೈರ್ಯವಾಗಿ ಹೇಳಿಬಿಡತ್ತೆ.

ನಮ್ಮೋರಿಗೆ ಪದೇ ಪದೇ ಬೇಕಾಗೋ ಟೈಟಲ್‌ಗಳು ಬೆರಳೆಣಿಕೆಯಷ್ಟೇ, ಬಾಯಿಪಾಠ ಆದ್ರೆ ಒಳ್ಳೇದು. ಇಮಿಗ್ರೇಷನ್‌ಗೆ ಯುಎಸ್ ಕೋಡಲ್ಲೂ 8, ಸಿಎಫ್‌ಆರಲ್ಲೂ 8. ಇನ್‌ಕಮ್ ಟ್ಯಾಕ್ಸಿಗೆ ಎರಡರಲ್ಲೂ 26. ವಿದೇಶಿ ಬ್ಯಾಂಕ್ ಅಕೌಂಟ್ ತಿಳಿಸೋ ವಿಷಯ 31ರಲ್ಲಿ. ಕಾನ್ಸುಲೇಟಲ್ಲಿ ತಾತ್ಕಾಲಿಕ ವೀಸಾ ಕೊಡೋ ರೂಲ್ಸು 22 ಸಿಎಫ್‌ಆರ್ ಭಾಗ 41. ಎಚ್-1ಬಿ ಸಂಬಳದ ರೂಲ್ಸು, ಅದಕ್ಕೆ ಕಂಪನಿ ಹಾಕೋ ಎಲ್‌ಸಿಎ ಅರ್ಜಿ ಎಲ್ಲ ಲೇಬರ್ ಡಿಪಾರ್ಟ್‌ಮೆಂಟಿನ 20 ಸಿಎಫ್‌ಆರ್ ಭಾಗ 655ರಲ್ಲಿದೆ, ಗ್ರೀನ್ ಕಾರ್ಡಿಗೆ ಬೇಕಾದ ಪರ್ಮ್ ಅನ್ನೋ ಲೇಬರ್ ಸರ್ಟಿಫಿಕೇಷನ್ ಭಾಗ 656ರಲ್ಲಿ. ಇಮಿಗ್ರೇಷನ್ ಅಂದ ತಕ್ಷಣ ಟೈಟಲ್ 8ರಲ್ಲೇ ಎಲ್ಲ ಸಿಗತ್ತೆ ಅಂದ್ಕೊಂಡು ಅಲ್ಲೇ ಸುತ್ತಿ ಸುಸ್ತಾಗೋರು ಬಹಳ.

ಇನ್ನೊಂದು ಗೊಂದಲ ಈಗಲೇ ಬಗೆಹರಿಸ್ಕೊಳ್ಳಿ. ಲಾಯರ್‌ಗಳು "ಐಎನ್‌ಎ 214" ಅಂತಾರೆ, ಕೋಡಲ್ಲಿ 214 ಹುಡುಕಿದ್ರೆ ಸಿಗಲ್ಲ. ಐಎನ್‌ಎ ಅಂದ್ರೆ 1952ರ ಇಮಿಗ್ರೇಷನ್ ಅಂಡ್ ನ್ಯಾಷನಾಲಿಟಿ ಆಕ್ಟ್, ಅದಕ್ಕೆ ಅದರದ್ದೇ ಸೆಕ್ಷನ್ ನಂಬರ್, ಅದನ್ನ ಯುಎಸ್ ಕೋಡಿಗೆ ಸೇರಿಸಿದಾಗ ಬೇರೆ ನಂಬರ್ ಬಂತು. ಐಎನ್‌ಎ 101 ಅಂದ್ರೆ 8 ಯುಎಸ್‌ಸಿ (ಯುಎಸ್ ಕೋಡ್) 1101, 203 ಅಂದ್ರೆ 1153, 212 ಅಂದ್ರೆ 1182, 214 ಅಂದ್ರೆ 1184, 245 ಅಂದ್ರೆ 1255. ಇದಕ್ಕೆ ಸೂತ್ರ ಏನಿಲ್ಲ, ಈ ಐದನ್ನ ಒಂದು ಚೀಟೀಲಿ ಬರೆದಿಟ್ಕೊಳ್ಳಿ.

ಗೆಳೆಯನಿಗೆ ಯಾರೋ ಹೇಳಿದ 180 ದಿನ ಎಲ್ಲಿಂದ ಬಂತು ಅಂತ ಆಮೇಲೆ ನೋಡ್ದೆ. 8 ಯುಎಸ್‌ಸಿ 1255(ಕೆ)ನಲ್ಲಿ 180 ದಿನ ಅನ್ನೋ ಮಾತಿದೆ ನಿಜ, ಆದ್ರೆ ಅದು ಕೆಲಸದ ಮೇಲೆ ಗ್ರೀನ್ ಕಾರ್ಡ್ ಅರ್ಜಿಯ ಕೊನೇ ಹಂತಕ್ಕೆ ಬಂದವರು ಹಿಂದೆ ಸ್ಟೇಟಸ್ ತಪ್ಪಿದ್ರೆ ಎಷ್ಟರವರೆಗೆ ಮನ್ನಿಸಬಹುದು ಅನ್ನೋ ಲೆಕ್ಕ. ಸಂಖ್ಯೆ ಸರಿಯಾಗೇ ಇತ್ತು, ಎತ್ಕೊಂಡು ಬಂದ ಕಪಾಟು ಬೇರೆ. ವಾಟ್ಸಾಪ್ ಸಲಹೆಗಳು ಕೆಡೋದು ಹೆಚ್ಚಾಗಿ ಹೀಗೇ.

ಆವರಣದ ಮೆಟ್ಟಿಲು ಇಳಿಯೋದು

ನಮಗೆ ಅವತ್ತು ಬೇಕಾಗಿದ್ದ ನಂಬರ್ 8 ಸಿಎಫ್‌ಆರ್ 214.1(ಎಲ್)(2). ಟೈಟಲ್ 8, ಭಾಗ 214, ಸೆಕ್ಷನ್ 214.1, ಅದರೊಳಗೆ ಎಲ್ ಅನ್ನೋ ಪ್ಯಾರಾ, ಅದರೊಳಗೆ ಎರಡನೇದು. ಇಂಗ್ಲಿಷಲ್ಲಿ ಸಣ್ಣಕ್ಷರದ ಎಲ್, ಅಂಕಿ ಒಂದು, ದೊಡ್ಡಕ್ಷರದ ಐ ಮೂರೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣತ್ತೆ, ಗೆಳೆಯ ಮೊದಲು 214.1(1)(2) ಅಂತ ಓದ್ಕೊಂಡು ಸಿಗ್ತಿಲ್ಲ ಸಿಗ್ತಿಲ್ಲ ಅಂತಿದ್ದ.

ಸಿಎಫ್‌ಆರಲ್ಲಿ ಮೆಟ್ಟಿಲಿನ ಕ್ರಮ ಹೀಗೆ: ಸಣ್ಣಕ್ಷರ, ಅಂಕಿ, ಸಣ್ಣ ರೋಮನ್, ದೊಡ್ಡಕ್ಷರ. ಯುಎಸ್ ಕೋಡಲ್ಲಿ ಸಣ್ಣಕ್ಷರ, ಅಂಕಿ ಆದ್ಮೇಲೆ ದೊಡ್ಡಕ್ಷರ ಬರತ್ತೆ, ಆಮೇಲೆ ರೋಮನ್. ಹಾಗಾಗಿ (ಐ) ಕಂಡಾಗ ಅದು ಅಕ್ಷರವೋ ರೋಮನ್ ಒಂದೋ ಅಂತ ಹಿಂದಿನ ಮೆಟ್ಟಿಲು ನೋಡಿ ತೀರ್ಮಾನ ಮಾಡಿ. ಮುಖ್ಯವಾದ್ದು ಏನಂದ್ರೆ, ಒಳಗಿನ ಪ್ಯಾರಾ ಮಾತ್ರ ಓದಿ ನಿಲ್ಲಿಸ್ಬೇಡಿ, ಮೇಲಿನ ಪ್ರತಿ ಮೆಟ್ಟಿಲಿನ ಮೊದಲ ಸಾಲು ಓದ್ಕೊಂಡೇ ಕೆಳಗಿಳೀರಿ, "ಇವರಿಗೆ ಮಾತ್ರ" ಅನ್ನೋ ಷರತ್ತು ಬಹಳ ಸಲ ಮೇಲೇ ಇರತ್ತೆ.

ಹೆಜ್ಜೆ 2: ಇಸಿಎಫ್‌ಆರಲ್ಲಿ ರೂಲ್ ತೆಗೆದು ಓದೋದು

ಇಸಿಎಫ್‌ಆರ್ ಡಾಟ್ ಗವ್ ತೆಗೀರಿ, ಇದು ಸಿಎಫ್‌ಆರಿನ ಆನ್‌ಲೈನ್ ರೂಪ, ಹುಡುಕೋ ಬಾಕ್ಸಲ್ಲಿ ಟೈಟಲ್ ನಂಬರ್, ಸಿಎಫ್‌ಆರ್, ಸೆಕ್ಷನ್ ನಂಬರ್ ಟೈಪ್ ಮಾಡಿದ್ರೆ ಸೀದಾ ಅಲ್ಲಿಗೇ ಕರ್ಕೊಂಡ್ಹೋಗತ್ತೆ. ಪುಟ ತೆರೆದ ತಕ್ಷಣ ಪಠ್ಯಕ್ಕೆ ಹಾರ್ಬೇಡಿ, ಮೇಲುಗಡೆ ಈ ಟೈಟಲ್ ಯಾವ ತಾರೀಕಿನವರೆಗೆ ಅಪ್‌ಡೇಟ್ ಆಗಿದೆ ಅಂತ ಬರೆದಿರ್ತಾರೆ, ಅದನ್ನ ನೋಡಿ. ಸಾಮಾನ್ಯವಾಗಿ ಒಂದೆರಡು ದಿನ ಹಿಂದಿನದು ಇರತ್ತೆ. ಮುದ್ರಿತ ಸಿಎಫ್‌ಆರ್ ವರ್ಷಕ್ಕೊಂದೇ ಸಲ ಬರೋದು, ಅದೂ ನಾಲ್ಕು ಕಂತಲ್ಲಿ, 1ರಿಂದ 16ನೇ ಟೈಟಲ್ ಜನವರಿ 1ಕ್ಕೆ, 17ರಿಂದ 27 ಏಪ್ರಿಲ್ 1ಕ್ಕೆ, 28ರಿಂದ 41 ಜುಲೈ 1ಕ್ಕೆ, 42ರಿಂದ 50 ಅಕ್ಟೋಬರ್ 1ಕ್ಕೆ. ಆ ವಾರ್ಷಿಕ ಪ್ರತಿ ಗವ್‌ಇನ್ಫೋ ಡಾಟ್ ಗವ್‌ನಲ್ಲಿ ಪಿಡಿಎಫ್ ಆಗಿ ಸಿಗತ್ತೆ, ಅಧಿಕೃತ ಮುದ್ರಣ ಅದೇ, ಆದ್ರೆ ಇವತ್ತಿನ ಸ್ಥಿತಿ ಬೇಕು ಅಂದ್ರೆ ಇಸಿಎಫ್‌ಆರೇ.

ಈಗ ಆ ಪ್ಯಾರಾ ಒಂದೊಂದೇ ತುಂಡು ಮಾಡಿ ನೋಡೋಣ. ಮೊದಲು ಯಾರಿಗೆ: ಎಚ್-1ಬಿ, ಎಲ್-1, ಒ-1, ಟಿಎನ್ ಹೀಗೆ ಹೆಸರಿಟ್ಟ ಕೆಲವು ವರ್ಗದವರಿಗೆ ಮತ್ತು ಅವರ ಡಿಪೆಂಡೆಂಟ್‌ಗಳಿಗೆ. ಏನು: ಕೆಲಸ ನಿಂತಿತು ಅನ್ನೋ ಒಂದೇ ಕಾರಣಕ್ಕೆ ಸ್ಟೇಟಸ್ ತಪ್ಪಿತು ಅಂತ ಎಣಿಸಲ್ಲ. ಎಷ್ಟು ದಿನ: ಸತತವಾಗಿ 60 ದಿನದವರೆಗೆ, ಅಥವಾ ಅಧಿಕೃತ ಅವಧಿ ಮುಗಿಯೋವರೆಗೆ, ಯಾವುದು ಕಮ್ಮಿಯೋ ಅದು. ಎಷ್ಟು ಸಲ: ಪ್ರತಿ ಅಧಿಕೃತ ಅವಧಿಗೆ ಒಂದು ಸಲ. ಆಮೇಲೆ ಎರಡನೇ ವಾಕ್ಯ, ಡಿಎಚ್‌ಎಸ್, ಅಂದ್ರೆ ಹೋಮ್‌ಲ್ಯಾಂಡ್ ಸೆಕ್ಯೂರಿಟಿ, ತನ್ನ ವಿವೇಚನೆಯಿಂದ ಈ 60 ದಿನವನ್ನ ಮೊಟಕು ಮಾಡಬಹುದು ಅಥವಾ ತೆಗೆದೇ ಹಾಕಬಹುದು. ಮೂರನೇದು, ಬೇರೆ ಅನುಮತಿ ಇಲ್ಲದಿದ್ರೆ ಈ ಅವಧೀಲಿ ಕೆಲಸ ಮಾಡೋ ಹಾಗಿಲ್ಲ.

"ಯಾವುದು ಕಮ್ಮಿಯೋ ಅದು" ಅಂತ ಓದಿದಾಗ ಫೋನಿನ ಆ ಕಡೆ ಸದ್ದೇ ಇಲ್ಲ. ಅವನ ಐ-94, ಅಂದ್ರೆ ಇಲ್ಲಿರೋಕೆ ಕೊಟ್ಟ ಅವಧಿಯ ದಾಖಲೆ, ಮುಗಿಯೋಕೆ ಇದ್ದಿದ್ದು 43 ದಿನ. ಗುಂಪಿನಲ್ಲಿ ಎಲ್ರಿಗಿಂತ ತಿಳಿದವರು ಹೇಳಿದ 60 ಕೂಡ ಅವನಿಗೆ ಸರಿ ಇರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಲಾಯರ್ ಹತ್ರ ಮಾತಾಡುವಾಗ ಅವನು ಮೊದಲ ವಾಕ್ಯದಲ್ಲೇ ಸೆಕ್ಷನ್ ನಂಬರ್ ಮತ್ತೆ 43 ದಿನ ಎರಡೂ ಹೇಳ್ದ, ಅರ್ಧ ಗಂಟೆ ಕನ್ಸಲ್ಟೇಷನ್ ಪೂರ್ತಿ ಮುಂದೇನು ಅನ್ನೋದಕ್ಕೇ ಸಿಕ್ತು. 37ನೇ ದಿನ ಹೊಸ ಕಂಪನಿ ಕಡೆಯಿಂದ ಪಿಟಿಷನ್ ಹೋಯ್ತು.

ಓದುವಾಗ ಗಮನ ಇಡಬೇಕಾದ ಪದಗಳು ಕೆಲವೇ. "ಶಲ್", "ಮಸ್ಟ್" ಅಂದ್ರೆ ಕಡ್ಡಾಯ. "ಮೇ" ಅಂದ್ರೆ ಅವರಿಷ್ಟ, ನಮ್ಮ ಹಕ್ಕಲ್ಲ. "ನಾಟ್‌ವಿತ್‌ಸ್ಟ್ಯಾಂಡಿಂಗ್" ಅಂದ್ರೆ ಬೇರೆ ಕಡೆ ಏನೇ ಬರೆದಿರ್ಲಿ ಇಲ್ಲಿ ಬರೆದಿದ್ದೇ ನಡೆಯೋದು. "ಎಕ್ಸೆಪ್ಟ್ ಆಸ್ ಪ್ರೊವೈಡೆಡ್ ಇನ್" ಅಂತ ಕಂಡ್ರೆ ಮುಂದೆ ಓದೋದು ನಿಲ್ಲಿಸಿ ಆ ಸೆಕ್ಷನ್‌ಗೆ ಹೋಗಿ ಬನ್ನಿ. ಸಾಲುಗಳ ಕೊನೇಲಿ "ಅಂಡ್" ಇದ್ಯೋ "ಆರ್" ಇದ್ಯೋ ನೋಡಿ, ಅಂಡ್ ಇದ್ರೆ ಎಲ್ಲ ಷರತ್ತೂ ಬೇಕು. ಮಾಮೂಲಿ ಪದಕ್ಕೂ ಕಾನೂನಲ್ಲಿ ಬೇರೆ ಅರ್ಥ ಕೊಟ್ಟಿರಬಹುದು, "ಚೈಲ್ಡ್" ಅನ್ನೋ ಪದಕ್ಕೇ 8 ಯುಎಸ್‌ಸಿ 1101ರಲ್ಲಿ ಮದುವೆಯಾಗದ, 21 ತುಂಬದ ವ್ಯಕ್ತಿ ಅಂತ ಶುರುವಾಗಿ ಉದ್ದದ ವ್ಯಾಖ್ಯೆ ಇದೆ.

ಹೆಜ್ಜೆ 3: ರೂಲಿನಿಂದ ಕಾಯ್ದೆಗೆ ಹತ್ತೋದು

ಸಿಎಫ್‌ಆರಲ್ಲಿ ಪ್ರತಿ ಭಾಗದ ಶುರುವಿನಲ್ಲಿ ಅಥಾರಿಟಿ ಅಂತ ಒಂದು ಸಾಲು ಇರತ್ತೆ, ಯಾವ ಕಾಯ್ದೆಯ ಬಲದ ಮೇಲೆ ಈ ರೂಲ್ ನಿಂತಿದೆ ಅಂತ ಅಲ್ಲಿ ಪಟ್ಟಿ. ಭಾಗ 214ರ ಪಟ್ಟೀಲಿ 8 ಯುಎಸ್‌ಸಿ 1184 ಇದೆ. ಅದನ್ನ ಓದೋಕೆ ಯುಎಸ್‌ಕೋಡ್ ಡಾಟ್ ಹೌಸ್ ಡಾಟ್ ಗವ್ ಹೋಗಿ, ಟೈಟಲ್ ಮತ್ತೆ ಸೆಕ್ಷನ್ ಹಾಕೋ ಎರಡು ಪುಟ್ಟ ಬಾಕ್ಸ್ ಇರತ್ತೆ, 8 ಮತ್ತೆ 1184 ಹಾಕಿ. ಇಲ್ಲೂ ಮೊದಲು ತಾರೀಕು, ಯಾವ ದಿನಕ್ಕೆ ಜಾರಿಯಲ್ಲಿರೋ ಕಾನೂನು ಇದು ಅಂತ ಮೇಲೇ ಬರೆದಿರ್ತಾರೆ. ಓದೋಕೆ ಕಣ್ಣಿಗೆ ಹಿತವಾಗಿರೋದು ಕಾರ್ನೆಲ್ ಯೂನಿವರ್ಸಿಟಿಯ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ ಸೈಟು, 1992ರಿಂದ ನಡೀತಿದೆ, ನಾನು ಮೊದಲು ಅಲ್ಲೇ ಓದೋದು, ಆದ್ರೆ ಯಾರಿಗಾದ್ರೂ ಕೊಡೋ ಮುಂಚೆ ಸರ್ಕಾರದ ಸೈಟಲ್ಲಿ ಒಂದ್ಸಲ ತಾಳೆ ನೋಡ್ತೀನಿ.

1184(ಜಿ)(4) ತೆಗೆದು ನೋಡಿ, ಎಚ್-1ಬಿ ಅವಧಿ ಆರು ವರ್ಷ ಮೀರೋ ಹಾಗಿಲ್ಲ ಅಂತ ಒಂದೇ ಸಾಲು. ಹಾಗಾದ್ರೆ ಹನ್ನೆರಡು, ಹದಿನೈದು ವರ್ಷದಿಂದ ಎಚ್-1ಬಿಯಲ್ಲೇ ಇರೋ ನಮ್ಮೋರು ಇಷ್ಟೊಂದು ಜನ ಹೇಗಿದಾರೆ? ಉತ್ತರ ಆ ಸೆಕ್ಷನ್ನಿನ ಪಠ್ಯದಲ್ಲಿ ಎಲ್ಲೂ ಇಲ್ಲ, ಕೆಳಗೆ ಸ್ಕ್ರೋಲ್ ಮಾಡಿ ಮಾಡಿ ಸ್ಟ್ಯಾಚುಟರಿ ನೋಟ್ಸ್ ಅನ್ನೋ ಜಾಗಕ್ಕೆ ಹೋಗ್ಬೇಕು. ಎಸಿ21 ಅಂತ ಎಲ್ರೂ ಕರೆಯೋ 2000ನೇ ಇಸವಿಯ ಕಾಯ್ದೆ, ಪಬ್ಲಿಕ್ ಲಾ 106-313, ಅದರ ಸೆಕ್ಷನ್ 104(ಸಿ) ಮತ್ತೆ 106(ಎ), (ಬಿ)ಗಳನ್ನ ಕೋಡಿನ ಮುಖ್ಯ ಪಠ್ಯಕ್ಕೆ ಸೇರಿಸ್ದೆ ನೋಟ್ ಆಗಿ ಇಟ್ಟಿದಾರೆ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಆರು ವರ್ಷದ ಮೇಲೂ ವಿಸ್ತರಣೆ ಸಿಗೋದು ಅದರಿಂದ. ನೋಟ್ ಅಂತ ಹೆಸರಿದ್ರೂ ಅದು ಪೂರ್ತಿ ಬಲ ಇರೋ ಕಾನೂನೇ. ಅದನ್ನ ಜಾರಿಗೆ ತರೋ ರೂಲು 8 ಸಿಎಫ್‌ಆರ್ 214.2(ಎಚ್)(13)(iii)ರ (ಡಿ) ಮತ್ತು (ಇ)ನಲ್ಲಿದೆ. ಲಕ್ಷಾಂತರ ಸಂಸಾರಗಳು ನಿಂತಿರೋದು ಒಂದು ಸೆಕ್ಷನ್ನಿನ ಕೆಳಗಿನ ಸಣ್ಣ ಅಕ್ಷರದ ಮೇಲೆ, ಅದಕ್ಕೇ ನೋಟ್ಸ್ ಬಿಟ್ಟು ಓದ್ಬೇಡಿ ಅಂತ ಒತ್ತಿ ಹೇಳ್ತಿರೋದು.

ಕಾಯ್ದೆಯ ಹೆಸರು ಗೊತ್ತಿದ್ದು ನಂಬರ್ ಗೊತ್ತಿಲ್ಲ ಅಂದ್ರೆ ಯುಎಸ್‌ಕೋಡ್ ಡಾಟ್ ಹೌಸ್ ಡಾಟ್ ಗವ್ ಸೈಟಲ್ಲೇ ಪಾಪ್ಯುಲರ್ ನೇಮ್ ಟೂಲ್ ಅಂತ ಇದೆ, ಹೆಸರು ಹುಡುಕಿದ್ರೆ ಕೋಡಲ್ಲಿ ಎಲ್ಲೆಲ್ಲಿ ಹೋಗಿ ಸೇರಿದೆ ಅಂತ ತೋರಿಸತ್ತೆ.

ಬಿಲ್ಲು ಬೇರೆ, ಕಾಯ್ದೆ ಬೇರೆ

2019ರ ಜುಲೈ 10ಕ್ಕೆ ಹೌಸಲ್ಲಿ ಎಚ್‌ಆರ್ 1044 ಪಾಸಾಯ್ತು, ಕೆಲಸದ ಮೇಲಿನ ಗ್ರೀನ್ ಕಾರ್ಡಿಗಿರೋ ದೇಶವಾರು ಮಿತಿ ತೆಗೆಯೋ ಬಿಲ್ಲು, 365ಕ್ಕೆ 65 ಓಟು. 2020ರ ಡಿಸೆಂಬರಲ್ಲಿ ಸೆನೆಟ್ ಕೂಡ ಅದರದ್ದೇ ಆದ ಒಂದು ರೂಪವನ್ನ ಪಾಸ್ ಮಾಡಿತು. ಎರಡು ಮನೆಯಲ್ಲೂ ಆಯ್ತಲ್ಲ ಅಂತ ಎಷ್ಟು ಜನ ಸಂಭ್ರಮಪಟ್ರು ಅವತ್ತು. ಆದ್ರೆ ಎರಡೂ ಕಡೆಯ ಪಠ್ಯ ಒಂದೇ ಆಗಿರ್ಲಿಲ್ಲ, ಹೊಂದಿಸೋ ಮುಂಚೆ ಆ ಕಾಂಗ್ರೆಸಿನ ಅವಧಿ ಮುಗೀತು, ಬಿಲ್ಲು ಅಲ್ಲಿಗೇ ಸತ್ತುಹೋಯ್ತು. ಹಾಗಾಗಿ ಎಚ್‌ಆರ್ ಅಥವಾ ಎಸ್ ಅಂತ ಶುರುವಾಗೋ ನಂಬರ್ ಯಾರಾದ್ರೂ ಕಳಿಸಿದ್ರೆ ಕಾಂಗ್ರೆಸ್ ಡಾಟ್ ಗವ್‌ಗೆ ಹೋಗಿ ಅದನ್ನ ಹಾಕಿ, ಮೇಲೆ ಟ್ರ್ಯಾಕರ್ ಇರತ್ತೆ, ಅದರಲ್ಲಿ ಕಾನೂನಾಯಿತು ಅನ್ನೋ ಕೊನೇ ಹಂತ ಬಂದಿಲ್ಲ ಅಂದ್ರೆ ಅದರ ಮೇಲೆ ಯಾವ ನಿರ್ಧಾರವನ್ನೂ ತಗೋಬೇಡಿ. ಪಬ್ಲಿಕ್ ಲಾ ನಂಬರ್ ಸಿಕ್ಕಿದ್ರೆ ಮಾತ್ರ ಕಾಯ್ದೆ.

ಹೆಜ್ಜೆ 4: ಫೆಡರಲ್ ರಿಜಿಸ್ಟರಲ್ಲಿ "ಯಾಕೆ" ಅಂತ ಹುಡುಕೋದು

ಸಿಎಫ್‌ಆರಲ್ಲಿ ರೂಲ್ ಏನು ಅಂತಷ್ಟೇ ಇರತ್ತೆ. ಯಾಕೆ ಮಾಡಿದ್ರು, ಯಾರು ವಿರೋಧಿಸಿದ್ರು, ಇಂಥ ಸಂದರ್ಭದಲ್ಲಿ ಹೇಗೆ ಅಂತ ಕೇಳಿದವರಿಗೆ ಏನುತ್ತರ ಕೊಟ್ರು, ಇದೆಲ್ಲ ಫೆಡರಲ್ ರಿಜಿಸ್ಟರಲ್ಲಿ. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಸೆಕ್ಷನ್ನಿನ ಕೊನೇಲಿ ಚೌಕ ಆವರಣದಲ್ಲಿ ಎಫ್‌ಆರ್ ನಂಬರ್‌ಗಳ ಸಾಲು ಇರತ್ತಲ್ಲ, ಅದೇ ಬೀಗದ ಕೈ. 60 ದಿನದ ರೂಲ್ ಬಂದಿದ್ದು 81 ಎಫ್‌ಆರ್ 82398, ಅಂದ್ರೆ 81ನೇ ಸಂಪುಟ, 82398ನೇ ಪುಟ, 2016ರ ನವೆಂಬರ್ 18ಕ್ಕೆ ಪ್ರಕಟ, 2017ರ ಜನವರಿ 17ರಿಂದ ಜಾರಿ. ಎಚ್-4ನವರಿಗೆ ಇಎಡಿ, ಅಂದ್ರೆ ಕೆಲಸದ ಅನುಮತಿ ಕಾರ್ಡ್, ಕೊಡೋ ರೂಲ್ 80 ಎಫ್‌ಆರ್ 10284, 2015ರ ಫೆಬ್ರುವರಿ 25ಕ್ಕೆ ಪ್ರಕಟ, ಮೇ 26ರಿಂದ ಜಾರಿ. ಫೆಡರಲ್‌ರಿಜಿಸ್ಟರ್ ಡಾಟ್ ಗವ್‌ನ ಹುಡುಕೋ ಬಾಕ್ಸಲ್ಲಿ ಇದನ್ನ ಹಾಗೇ ಹಾಕಿದ್ರೆ ಸಿಗತ್ತೆ.

ಪುಟ ತೆರೆದಾಗ ಮೊದಲು "ಆಕ್ಷನ್" ಅನ್ನೋ ಸಾಲು ನೋಡಿ. ಪ್ರಪೋಸ್ಡ್ ರೂಲ್ ಅಂತಿದ್ರೆ ಅದು ಪ್ರಸ್ತಾವ, ಇನ್ನೂ ಜಾರಿಯಿಲ್ಲ, ಎಚ್-4 ಇಎಡಿ ಪ್ರಸ್ತಾವ 2014ರ ಮೇ 12ಕ್ಕೆ ಬಂದು ಫೈನಲ್ ಆಗೋಕೆ ಒಂಬತ್ತು ತಿಂಗಳ ಮೇಲೆ ಹಿಡೀತು. ಫೈನಲ್ ರೂಲ್ ಅಂತಿದ್ರೆ "ಡೇಟ್ಸ್" ಸಾಲಲ್ಲಿ ಯಾವತ್ತಿಂದ ಜಾರಿ ಅಂತ ನೋಡಿ. ಇಂಟೆರಿಮ್ ಫೈನಲ್ ರೂಲ್ ಅಂತ ಮೂರನೇದೊಂದಿದೆ, ಹುಷಾರು, ಅದು ಮೊದಲು ಜಾರಿ, ಆಮೇಲೆ ಅಭಿಪ್ರಾಯ ಕೇಳೋ ಥರದ್ದು. 2025ರ ಅಕ್ಟೋಬರ್ 30ಕ್ಕೆ ಹೀಗೇ ಆಯ್ತು. ಇಎಡಿ ರಿನ್ಯೂವಲ್ ಅರ್ಜಿ ಹಾಕಿದ ಹಲವು ವರ್ಗದವರಿಗೆ ಕಾರ್ಡ್ ತಾನಾಗೇ 540 ದಿನದವರೆಗೆ ಮುಂದುವರಿಯೋ ವ್ಯವಸ್ಥೆ ಇತ್ತು, ಎಚ್-4ನವರೂ ಅದರಲ್ಲಿದ್ರು, ಅದನ್ನ ಫೈನಲ್ ಮಾಡಿ ವರ್ಷ ಕೂಡ ಆಗಿರ್ಲಿಲ್ಲ, ಅವತ್ತಿಂದ ಮುಂದೆ ಹಾಕೋ ಅರ್ಜಿಗಳಿಗೆ ನಿಲ್ಲಿಸಿಬಿಟ್ರು. ಹಿಂದಿನ ವಾರ ಓದಿದ ಸರಿಯಾದ ಲೇಖನ ಈ ವಾರ ತಪ್ಪಾಗೋದು ಅಂದ್ರೆ ಇದು.

ಆ ದಾಖಲೆಗಳು ನೂರಾರು ಪುಟ ಇರಬಹುದು, ಎಲ್ಲ ಓದ್ಬೇಡಿ. ಸಮರಿ ಓದಿ, ಡೇಟ್ಸ್ ಓದಿ, ಆಮೇಲೆ ಕಟ್ಟಕಡೇಗೆ ಹೋಗಿ, ಸಿಎಫ್‌ಆರಲ್ಲಿ ಯಾವ ಪದ ತೆಗೆದು ಯಾವ ಪದ ಹಾಕ್ತೀವಿ ಅನ್ನೋ ನಿಜವಾದ ತಿದ್ದುಪಡಿ ಅಲ್ಲಿರತ್ತೆ. ಮಧ್ಯದ ಉದ್ದ ಪೀಠಿಕೆಯಲ್ಲಿ ಕಂಟ್ರೋಲ್ ಎಫ್ ಒತ್ತಿ ನಿಮ್ಮ ಪದ ಹುಡುಕಿ.

ಹೆಜ್ಜೆ 5: ಬದಲಾವಣೆ ಹಿಡಿಯೋದು

ತಾರೀಕಿನ ಬೆಲೆ ನನಗೆ ಗೊತ್ತಾಗಿದ್ದು ಒಬ್ಬ ಸಂಬಂಧಿಕರ ಹುಡುಗನಿಗೆ ಸಹಾಯ ಮಾಡೋಕೆ ಹೋದಾಗ. ಸ್ಟೆಮ್ ಒಪಿಟಿ, ಅಂದ್ರೆ ಇಲ್ಲಿ ವಿಜ್ಞಾನ, ತಂತ್ರಜ್ಞಾನ ಓದಿದ ವಿದ್ಯಾರ್ಥಿಗಳಿಗೆ ಸಿಗೋ ಹೆಚ್ಚುವರಿ ಕೆಲಸದ ಅವಧಿ, 17 ತಿಂಗಳು, ಕೆಲಸ ಇಲ್ಲದೆ ಇರಬಹುದಾದ ದಿನ ಒಟ್ಟು 120 ಅಂತ ಒಂದು ಪುಟದಲ್ಲಿ ಓದಿ ಹೇಳಿಬಿಟ್ಟಿದ್ದೆ. ಅದು ಒಂದು ಕಾಲಕ್ಕೆ ಸರೀನೇ ಇತ್ತು, ಆದ್ರೆ 2016ರ ಮೇ 10ರಿಂದ ಅದು 24 ತಿಂಗಳು, 150 ದಿನ ಆಗಿತ್ತು. ಆ ಪುಟದಲ್ಲಿ ತಾರೀಕೇ ಇರ್ಲಿಲ್ಲ, ನಾನೂ ಕೇಳ್ಲಿಲ್ಲ. ಪಾಪ ಆ ಹುಡುಗ ಮೂರು ದಿನ ನಿದ್ದೆಗೆಟ್ಟಿದ್ದ.

ಇಸಿಎಫ್‌ಆರಲ್ಲಿ ಇದಕ್ಕೆ ಒಳ್ಳೇ ಸೌಲಭ್ಯ ಇದೆ, 2017ರ ಜನವರಿಯಿಂದೀಚೆಗೆ ಯಾವ ದಿನ ಆ ರೂಲ್ ಹೇಗಿತ್ತು ಅಂತ ಹಿಂದೆ ಹೋಗಿ ನೋಡಬಹುದು, ಎರಡು ತಾರೀಕು ಕೊಟ್ಟು ಹೋಲಿಸಿದ್ರೆ ಯಾವ ಪದ ಹೋಯ್ತು ಯಾವ್ದು ಬಂತು ಅಂತ ಬಣ್ಣ ಹಾಕಿ ತೋರಿಸತ್ತೆ. ಅಲ್ಲೇ ಸಬ್‌ಸ್ಕ್ರೈಬ್ ಮಾಡಿಟ್ರೆ ಆ ಭಾಗ ಬದಲಾದಾಗ ಈಮೇಲ್ ಬರತ್ತೆ, ನಾನು ಭಾಗ 214ಕ್ಕೂ ಕೆಲಸದ ಅನುಮತಿಯ ಭಾಗ 274ಎಗೂ ಹಾಕಿಟ್ಟಿದೀನಿ. ಇನ್ನೂ ಮುಂಚೆ ಗೊತ್ತಾಗ್ಬೇಕು ಅಂದ್ರೆ ಫೆಡರಲ್ ರಿಜಿಸ್ಟರಿನ ಪಬ್ಲಿಕ್ ಇನ್‌ಸ್ಪೆಕ್ಷನ್ ಪುಟ ನೋಡಿ, ನಾಳೆ ಅಚ್ಚಾಗೋದು ಇವತ್ತೇ ಅಲ್ಲಿರತ್ತೆ. ಏಜೆನ್ಸಿ ಮನಸ್ಸಲ್ಲಿ ಏನೇನಿದೆ ಅಂತ ತಿಳಿಯೋಕೆ ರೆಗ್‌ಇನ್ಫೋ ಡಾಟ್ ಗವ್‌ನಲ್ಲಿ ಯುನಿಫೈಡ್ ಅಜೆಂಡಾ, ಅದು ಬರೀ ಯೋಜನೆಗಳ ಪಟ್ಟಿ, ಅದರಲ್ಲಿರೋ ತಿಂಗಳು ನಂಬಿ ಟಿಕೆಟ್ ಬುಕ್ ಮಾಡ್ಬೇಡಿ.

ಪ್ರಸ್ತಾವ ಬಂದಾಗ ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ನೀವೂ ಅಭಿಪ್ರಾಯ ಬರೀಬಹುದು, ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ. 1946ರ ಅಡ್ಮಿನಿಸ್ಟ್ರೇಟಿವ್ ಪ್ರೊಸೀಜರ್ ಆಕ್ಟ್ ಪ್ರಕಾರ ಏಜೆನ್ಸಿ ಬಂದ ಅಭಿಪ್ರಾಯಗಳನ್ನ ಪರಿಗಣಿಸ್ಲೇಬೇಕು, ಫೈನಲ್ ರೂಲಿನ ಪೀಠಿಕೆಯಲ್ಲಿ ಮುಖ್ಯ ಆಕ್ಷೇಪಗಳಿಗೆ ಉತ್ತರ ಕೊಟ್ಟಿರ್ತಾರೆ. ಎಲ್ರೂ ಒಂದೇ ಒಕ್ಕಣೆ ಕಾಪಿ ಮಾಡಿ ಕಳಿಸೋದಕ್ಕಿಂತ ನಿಮ್ಮ ಮನೆಯಲ್ಲಿ ಈ ರೂಲಿನಿಂದ ಏನಾಗತ್ತೆ ಅಂತ ನಾಲ್ಕು ಸಾಲು ನೀವೇ ಬರೀರಿ. ಅದು ಎಲ್ರಿಗೂ ಕಾಣತ್ತೆ, ಹಾಗಾಗಿ ಫೋನ್ ನಂಬರು, ರಸೀದಿ ನಂಬರು ಹಾಕ್ಬೇಡಿ.

ರೂಲೂ ಕಾಯ್ದೇನೂ ಜಗಳ ಆಡಿದ್ರೆ

ಊರಲ್ಲಿ ಎನ್‌ಆರ್‌ಇ, ಎನ್‌ಆರ್‌ಒ ಅಕೌಂಟ್ ಇರೋರು ಗಮನ ಕೊಡಿ. ಎಲ್ಲ ವಿದೇಶಿ ಅಕೌಂಟಿನ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನವಾದ್ರೂ 10,000 ಡಾಲರ್ ದಾಟಿದ್ರೆ ಎಫ್‌ಬಾರ್ ಅನ್ನೋ ವಿದೇಶಿ ಅಕೌಂಟ್ ವರದಿ ಹಾಕ್ಬೇಕು, ಈ ಹಣದ ಮಿತಿ 31 ಸಿಎಫ್‌ಆರ್ 1010.306(ಸಿ)ಯಲ್ಲಿದೆ. ಕೊನೇ ದಿನ ಜೂನ್ 30 ಅಂತ ರೂಲಲ್ಲಿ ಬರೆದಿದ್ರು. 2015ರ ಜುಲೈಯಲ್ಲಿ ಬಂದ ಪಬ್ಲಿಕ್ ಲಾ 114-41 ಅದನ್ನ ಟ್ಯಾಕ್ಸ್ ರಿಟರ್ನ್ ಜೊತೆಗೆ ಏಪ್ರಿಲ್ 15ಕ್ಕೆ ತಂದು, ಆರು ತಿಂಗಳವರೆಗೆ ವಿಸ್ತರಣೆಗೂ ಅವಕಾಶ ಕೊಟ್ಟಿತು. ಅಷ್ಟಾದ್ಮೇಲೂ ರೂಲಿನ ಪಠ್ಯದಲ್ಲಿ ಜೂನ್ 30 ಅಂತಲೇ ವರ್ಷಗಟ್ಟಲೆ ಉಳ್ಕೊಂಡಿತ್ತು. ಇಂಥ ಕಡೆ ಕಾಯ್ದೆಯ ಮಾತೇ ನಡೆಯೋದು. ಹಾಗಾಗಿ ದಂಡ ಬೀಳೋ ವಿಷಯಗಳಲ್ಲಿ ರೂಲ್ ಒಂದೇ ಓದಿ ಸುಮ್ಮನಾಗ್ಬೇಡಿ, ಕಾಯ್ದೆಯನ್ನೂ, ಫಾರ್ಮಿನ ಈ ವರ್ಷದ ಸೂಚನೆಯನ್ನೂ ಪಕ್ಕದಲ್ಲಿಟ್ಕೊಂಡು ನೋಡಿ.

ಕೋರ್ಟು, ಘೋಷಣೆ

ರೂಲ್ ಪುಸ್ತಕದಲ್ಲಿದ್ರೂ ಕೋರ್ಟ್ ಅದನ್ನ ತಡೆದಿರಬಹುದು, ಅದು ಇಸಿಎಫ್‌ಆರಲ್ಲಿ ಕಾಣಲ್ಲ. 2024ರ ಜೂನ್ 28ಕ್ಕೆ ಲೋಪರ್ ಬ್ರೈಟ್ ಕೇಸಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಅಸ್ಪಷ್ಟವಾಗಿದ್ದಾಗ ಏಜೆನ್ಸಿ ಹೇಳಿದ ಅರ್ಥಕ್ಕೇ ಕೋರ್ಟುಗಳು ತಲೆಬಾಗ್ಬೇಕು ಅನ್ನೋ 1984ರ ಶೆವ್ರಾನ್ ತತ್ವವನ್ನ ತೆಗೆದುಹಾಕ್ತು, ಆಮೇಲಂತೂ ಕಾಯ್ದೆಯ ಮೂಲ ಪದ ಓದೋದು ಇನ್ನೂ ಮುಖ್ಯ ಆಗಿದೆ. ಎಚ್-4 ಇಎಡಿ ರೂಲಿನ ಮೇಲೆ 2015ರಿಂದ ಕೇಸ್ ನಡೀತಿತ್ತು, 2024ರ ಆಗಸ್ಟ್ 2ಕ್ಕೆ ಡಿಸಿ ಸರ್ಕ್ಯೂಟ್ ಕೋರ್ಟ್ ಆ ರೂಲನ್ನ ಎತ್ತಿಹಿಡೀತು. ತೀರ್ಪು ಓದೋಕೆ ಕೋರ್ಟ್‌ಲಿಸನರ್ ಅನ್ನೋ ಉಚಿತ ಸೈಟು ಸಾಕು. ಫೆಡರಲ್ ಕೋರ್ಟ್ ದಾಖಲೆಗಳ ಸರ್ಕಾರಿ ಸೈಟು ಪೇಸರ್‌ನಲ್ಲಿ ಪುಟಕ್ಕೆ 10 ಸೆಂಟ್, ಸಾಮಾನ್ಯ ದಾಖಲೆ ಒಂದಕ್ಕೆ ಹೆಚ್ಚೆಂದ್ರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ರೆ ಅದೂ ಮಾಫಿ.

ಅಧ್ಯಕ್ಷರ ಘೋಷಣೆಗಳು ಇನ್ನೊಂದು ಥರ. 2025ರ ಸೆಪ್ಟೆಂಬರ್ 19, ಶುಕ್ರವಾರ, ಎಚ್-1ಬಿಗೆ 1,00,000 ಡಾಲರ್ ಕಟ್ಟಬೇಕು ಅಂತ ಘೋಷಣೆ ಬಂತು, ಭಾನುವಾರ ರಾತ್ರಿ 12:01ಕ್ಕೆ, ಅಂದ್ರೆ ಶನಿವಾರ ಕಳೀತಿದ್ದಂಗೆ ಜಾರಿ. ಇಲ್ಲಿ ನವರಾತ್ರಿ ಶುರುವಾಗೋಕೆ ಮೂರು ದಿನ, ಹಬ್ಬಕ್ಕೆ ಊರಿಗೆ ಹೋದೋರು ಸಿಕ್ಕ ಸಿಕ್ಕ ಬೆಲೆಗೆ ವಾಪಸ್ ಟಿಕೆಟ್ ತಗೊಂಡ್ರು. ಘೋಷಣೆಯ ಪಠ್ಯ ಓದಿದ್ರೆ ಅದರಲ್ಲೇ ಅಸ್ಪಷ್ಟತೆ ಇತ್ತು, ಅದನ್ನ ಒಪ್ಕೋಬೇಕು. ಶನಿವಾರ ಇಮಿಗ್ರೇಷನ್ ಅರ್ಜಿಗಳನ್ನ ನೋಡೋ ಯುಎಸ್‌ಸಿಐಎಸ್‌ನ ಮೆಮೊ ಬಂದು, ಇನ್ಮುಂದೆ ಹಾಕೋ ಹೊಸ ಪಿಟಿಷನ್‌ಗಳಿಗೆ ಮಾತ್ರ ಅಂತ ಹೇಳ್ತು. ಇಂಥ ಹೊತ್ತಲ್ಲಿ ಮಾಡ್ಬೇಕಾದ್ದು ಇಷ್ಟು: ವೈಟ್‌ಹೌಸ್ ಸೈಟಲ್ಲಿ ಪೂರ್ತಿ ಪಠ್ಯ, ಅದು ಯಾವ ಸೆಕ್ಷನ್ ಬಲದ ಮೇಲೆ ಬಂದಿದೆ ಅಂತ, ಇದಾದ್ರೆ 8 ಯುಎಸ್‌ಸಿ 1182(ಎಫ್), ಆಮೇಲೆ ಸಂಬಂಧಪಟ್ಟ ಏಜೆನ್ಸಿಯ ಸೈಟಲ್ಲಿ ಗಂಟೆ ಗಂಟೆಗೂ ಮೆಮೊ ಹುಡುಕೋದು. ಕಂಪನಿಯ ಲಾಯರ್ ಬೇರೆ ಹೇಳಿದ್ರೆ ಅವರ ಮಾತೇ ಕೇಳಿ, ನಿಮ್ಮ ಫೈಲು ಅವರ ಮುಂದಿರತ್ತೆ.

ನಾನು ಬರೆದಿಟ್ಕೊಳ್ಳೋ ರೀತಿ

ಒಂದು ನೋಟ್‌ಬುಕ್ಕಲ್ಲಿ ಪ್ರತಿ ಪ್ರಶ್ನೆಗೂ ನಾಲ್ಕು ಸಾಲು: ಪ್ರಶ್ನೆ, ಸೆಕ್ಷನ್ ನಂಬರ್, ನಾನು ನೋಡಿದ ದಿನ ಪುಟದ ಮೇಲಿದ್ದ ತಾರೀಕು, ನಿರ್ಣಾಯಕ ಪದ ಇಂಗ್ಲಿಷಲ್ಲಿ ಇದ್ದಂಗೇ. ಕನ್ನಡಕ್ಕೆ ಇಳಿಸಿ ಬರ್ಕೋಬೇಡಿ, "ಮೇ" ಅನ್ನೋದು ಆರು ತಿಂಗಳ ಮೇಲೆ "ಮಾಡ್ತಾರೆ" ಆಗಿಬಿಡತ್ತೆ. ಪುಟವನ್ನ ಪಿಡಿಎಫ್ ಮಾಡಿಟ್ಕೊಳ್ಳಿ. ಯಾರಿಗಾದ್ರೂ ಹೇಳುವಾಗ ಲಿಂಕನ್ನೂ ನಂಬರನ್ನೂ ಕೊಟ್ಟು ಅವರೇ ಓದ್ಲಿ ಅಂತ ಬಿಡಿ. ಸ್ಟೇಟಸ್ ತಪ್ಪೋ ಸಂಭವ, ಕೋರ್ಟ್ ನೋಟಿಸು, ಅರೆಸ್ಟು, ಹಿಂದೆ ತಪ್ಪಾಗಿ ಹಾಕಿದ ಫಾರ್ಮು ಇಂಥವು ಬಂದ್ರೆ ಓದೋದರ ಜೊತೆಗೆ ಅದೇ ದಿನ ಲಾಯರ್‌ಗೆ ಫೋನ್ ಮಾಡಿ.

ಇವತ್ತು ಅರ್ಧ ಗಂಟೆ ಬಿಡುವಿದ್ರೆ ಒಂದು ಅಭ್ಯಾಸ ಮಾಡಿ ನೋಡಿ. ಭಾರತದವರ ಗ್ರೀನ್ ಕಾರ್ಡ್ ಕ್ಯೂಗೆ ಕಾರಣವಾದ ಆ ಒಂದು ಸಾಲು 8 ಯುಎಸ್‌ಸಿ 1152(ಎ)(2)ನಲ್ಲಿದೆ, ಒಂದು ದೇಶಕ್ಕೆ 7 ಪರ್ಸೆಂಟ್ ಅಂತ. ಅದನ್ನ ತೆಗೀರಿ, ಪುಟದ ಮೇಲಿರೋ ತಾರೀಕು ಬರ್ಕೊಳ್ಳಿ, ಆ 7 ಯಾವುದರ 7 ಅಂತ ಓದಿ, ಅದು 1153(ಎ), (ಬಿ)ಗೆ ಕಳಿಸತ್ತೆ, 1153(ಬಿ) ಮತ್ತೆ 1151(ಡಿ)ಗೆ ಕಳಿಸತ್ತೆ, ಅಲ್ಲಿ 1,40,000 ಅನ್ನೋ ಸಂಖ್ಯೆ ಕಾಣತ್ತೆ. ಆಮೇಲೆ 1152ಕ್ಕೇ ವಾಪಸ್ ಬಂದು (ಎ)(5) ಓದಿ, ಯಾವಾಗ ಆ 7ರ ಮಿತಿ ಅನ್ವಯಿಸಲ್ಲ ಅಂತ ಅಲ್ಲಿ ಬರೆದಿದಾರೆ.